ಎದುರು ಮಾತನಾಡಿದ ಉಮರ್, ಜೊತೆ ಬಿಡದ ಉಮರ್

ಕ್ರಿ.ಶ. 632. ಪ್ರವಾದಿ ಮುಹಮ್ಮದ್ (ಸ) ಅವರು ಅಗಲಿದ ದುಃಖ ಮದೀನಾದಲ್ಲಿ ಇನ್ನೂ ಆರಿಲ್ಲ. ಹೊಸದಾಗಿ ಆಯ್ಕೆಯಾದ ಖಲೀಫಾ ಅಬೂಬಕರ್ ಸಿದ್ದೀಕ್ (ರ) ಅವರ ಬಳಿಗೆ ಹಝ್ರತ್ ಉಮರ್ (ರ) ಒಂದು ಅಹವಾಲು ತೆಗೆದುಕೊಂಡು ಬರುತ್ತಾರೆ. ಅದನ್ನು ಕೇಳಿದ್ದೇ ತಡ, ಸ್ವಭಾವತಃ ಮೆದುವಾದ ಖಲೀಫಾ ಕೂತಲ್ಲಿಂದ ಎದ್ದು ಉಮರ್‌ರ ಗಡ್ಡವನ್ನೇ ಹಿಡಿದುಬಿಟ್ಟರು. ಮದೀನಾದಲ್ಲಿ ಉಮರ್‌ರ ಗಡ್ಡಕ್ಕೆ ಕೈ ಹಾಕುವ ಧೈರ್ಯ ಇನ್ಯಾರಿಗಿತ್ತು ಹೇಳಿ?

ಉಮರ್ ಅಂದಕೂಡಲೇ ನಮಗೆ ನೆನಪಾಗುವುದು ಮದ್ರಸದಲ್ಲಿ ಉಸ್ತಾದರು ಹೇಳಿಕೊಟ್ಟ ಎರಡು ಸಂಗತಿ. ಒಂದು, ಖಡ್ಗ ಹಿಡಿದು ಹೊರಟವರು ತಂಗಿಯ ಮನೆಯಲ್ಲಿ ಕುರ್‌ಆನ್ ಕೇಳಿ ಕರಗಿದ್ದು. ಇನ್ನೊಂದು, ಖಲೀಫಾ ಆದ ಮೇಲೆ ಹಸಿದ ಮಕ್ಕಳಿಗಾಗಿ ಹಿಟ್ಟಿನ ಮೂಟೆಯನ್ನು ತಾನೇ ಬೆನ್ನ ಮೇಲೆ ಹೊತ್ತದ್ದು. ಇವೆರಡರ ನಡುವೆ ಎರಡು ವರ್ಷ ಚಿಲ್ಲರೆ ತಿಂಗಳು ಅವರು ಇನ್ನೊಬ್ಬರ ಕೈಕೆಳಗೆ ದುಡಿದಿದ್ದರು ಎಂಬುದನ್ನು ನಾವು ಅಷ್ಟಾಗಿ ಮಾತನಾಡುವುದಿಲ್ಲ. ಜಮಾಅತ್ ಮಹಾಸಭೆಯಲ್ಲಿ ನಮ್ಮವರು ಗೆಲ್ಲದಿದ್ದರೆ ಮರುವಾರದಿಂದ ಜುಮಾಕ್ಕೆ ಬೇರೆ ಮಸೀದಿ ಹುಡುಕುವ ನಾವು ಆ ಎರಡು ವರ್ಷವನ್ನು ಒಮ್ಮೆ ನೋಡುವುದು ಒಳ್ಳೆಯದು.

ಉಮರುಬ್ನುಲ್ ಖತ್ತಾಬ್ ಕುರೈಶ್ ಬುಡಕಟ್ಟಿನ ಬನೂ ಅದಿಯ್ಯ್ ಮನೆತನದವರು. ಎತ್ತರದ ಆಳು, ಗಟ್ಟಿ ದನಿ. ಮನಸ್ಸಿನಲ್ಲಿ ಇದ್ದದ್ದು ಬಾಯಿಗೆ ಬರಲೇಬೇಕು. 628ರಲ್ಲಿ ಹುದೈಬಿಯಾ ಒಪ್ಪಂದ ಆದಾಗ ಅದರ ಶರತ್ತುಗಳು ಅವರಿಗೆ ಅವಮಾನವೆಂದು ಕಂಡವು. ನೇರವಾಗಿ ಪ್ರವಾದಿಯವರ ಬಳಿಯೇ ಹೋಗಿ, ನಾವು ಸತ್ಯದ ಮೇಲಿದ್ದರೆ ಹೀಗೇಕೆ ತಗ್ಗಬೇಕು ಎಂದು ಕೇಳಿದರು. ಸಮಾಧಾನವಾಗದೆ ಅಬೂಬಕರ್‌ರಲ್ಲೂ ಅದನ್ನೇ ಕೇಳಿದರು. ಮುಂದೆ ಒಪ್ಪಂದದ ಫಲ ಕಣ್ಣಿಗೆ ಕಂಡಾಗ, ಅಂದಿನ ಆ ಮಾತಿನ ಬಗ್ಗೆ ಮರುಗಿ ವ್ರತ ಹಿಡಿದರು, ದಾನ ಕೊಟ್ಟರು.

ಪ್ರವಾದಿಯವರ ನಿಧನದ ದಿನ ಅನ್ಸಾರ್‌ಗಳು ಸಖೀಫಾ ಎಂಬ ಚಪ್ಪರದಡಿ ಸೇರಿದ್ದಾರೆ, ತಮ್ಮಲ್ಲೊಬ್ಬರನ್ನು ನಾಯಕರನ್ನಾಗಿ ಆರಿಸುವ ಮಾತು ನಡೆಯುತ್ತಿದೆ ಎಂಬ ಸುದ್ದಿ ಬಂತು. ಅಬೂಬಕರ್, ಉಮರ್ ಮತ್ತು ಅಬೂ ಉಬೈದಾ (ರ) ಅಲ್ಲಿಗೆ ಧಾವಿಸಿದರು. ದಾರಿಯುದ್ದಕ್ಕೂ ಉಮರ್ ಮನಸ್ಸಿನಲ್ಲೇ ಒಂದು ಒಳ್ಳೆಯ ಭಾಷಣ ಜೋಡಿಸಿಕೊಂಡಿದ್ದರಂತೆ. ಅಬೂಬಕರ್ ಅವರನ್ನು ತಡೆದು ತಾವೇ ಮಾತನಾಡಿದರು. ತಾನು ಹೇಳಬೇಕೆಂದಿದ್ದನ್ನೆಲ್ಲ ಅವರು ತನಗಿಂತ ಚೆನ್ನಾಗಿ ಹೇಳಿದರು ಎಂದು ಮುಂದೆ ಉಮರ್ ತಾವೇ ನೆನೆದಿದ್ದಾರೆ. ಅಬೂಬಕರ್ ಸೂಚಿಸಿದ ಹೆಸರುಗಳಲ್ಲಿ ಉಮರ್‌ರದೂ ಒಂದು. ಒಪ್ಪಿದ್ದರೆ ಅಂದೇ ಖಲೀಫಾ. ಆದರೆ ಉಮರ್ ಅಬೂಬಕರ್‌ರ ಕೈ ಹಿಡಿದು ಬೈಅತ್ ಮಾಡಿದರು. ಮರುದಿನ ಮಸೀದಿಯಲ್ಲಿ ಎಲ್ಲರ ಬೈಅತ್ ಆಯಿತು. ನಾನು ನಿಮಗಿಂತ ಮೇಲಿನವನೇನಲ್ಲ, ಸರಿ ಮಾಡಿದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂಬರ್ಥದ ಮಾತನ್ನು ಹೊಸ ಖಲೀಫಾ ಅಂದು ಹೇಳಿದರು. ಇಂಥ ಮಾತನ್ನು ಎಲ್ಲ ನಾಯಕರೂ ಹೇಳುತ್ತಾರೆ ಬಿಡಿ. ಉಮರ್ ಮಾತ್ರ ಅದನ್ನು ಅಕ್ಷರಶಃ ನಂಬಿದರು!

ಪರೀಕ್ಷೆಗೆ ಬಹಳ ದಿನ ಬೇಕಾಗಲಿಲ್ಲ. ಸಿರಿಯಾದ ಗಡಿಗೆಂದು ಪ್ರವಾದಿಯವರು ಒಂದು ಸೈನ್ಯ ಸಿದ್ಧಪಡಿಸಿದ್ದರು. ಅದರ ದಂಡನಾಯಕ ಉಸಾಮಾ ಬಿನ್ ಝೈದ್ (ರ). ಇಪ್ಪತ್ತೂ ದಾಟದ ಹುಡುಗ, ವಿಮೋಚಿತ ಗುಲಾಮರೊಬ್ಬರ ಮಗ. ಸೈನ್ಯ ಮದೀನಾದ ಹೊರಗೆ ಬೀಡುಬಿಟ್ಟಿತ್ತು. ಅಷ್ಟರಲ್ಲಿ ಸುತ್ತಲ ಬುಡಕಟ್ಟುಗಳು ತಿರುಗಿಬಿದ್ದವು. ಊರೇ ಅಪಾಯದಲ್ಲಿರುವಾಗ ಸೈನ್ಯವನ್ನು ದೂರ ಕಳಿಸುವುದು ಬೇಡ ಎಂಬುದು ಹಲವು ಸಹಾಬಿಗಳ ಅಭಿಪ್ರಾಯ. ಕಳಿಸಲೇಬೇಕೆಂದಿದ್ದರೆ ವಯಸ್ಸಿನಲ್ಲಿ ಹಿರಿಯರೊಬ್ಬರನ್ನು ನೇಮಿಸಿ ಎಂದು ಅನ್ಸಾರ್‌ಗಳು ಉಮರ್‌ರ ಮೂಲಕ ಹೇಳಿಕಳಿಸಿದರು. ನಾವು ಮೊದಲು ಹೇಳಿದ ಅಹವಾಲು ಇದೇ. ಪ್ರವಾದಿಯವರು ನೇಮಿಸಿದವರನ್ನು ನಾನು ತೆಗೆದುಹಾಕಬೇಕೇ ಎಂದು ಅಬೂಬಕರ್ ಸಿಡಿದೆದ್ದರು.

ಉಮರ್ ವಾದ ಬೆಳೆಸಲಿಲ್ಲ. ಹಿಂತಿರುಗಿ, ತನ್ನನ್ನು ಕಳಿಸಿದವರಿಗೇ ಗದರಿದರು. ಸೈನ್ಯ ಹೊರಟಿತು. ಉಸಾಮಾ ಸವಾರಿಯ ಮೇಲೆ, ಖಲೀಫಾ ಪಕ್ಕದಲ್ಲಿ ಕಾಲ್ನಡಿಗೆಯಲ್ಲಿ. ಹುಡುಗ ಸಂಕೋಚದಿಂದ ಇಳಿಯಲು ಹೋದರೆ ಬಿಡಲಿಲ್ಲ. ಉಮರ್ ಕೂಡ ಆ ಸೈನ್ಯದ ಒಬ್ಬ ಸೈನಿಕ. ಉಮರ್ ತನ್ನ ನೆರವಿಗೆ ಬೇಕಿತ್ತು, ಬಿಟ್ಟುಕೊಡಬಹುದೇ ಎಂದು ಖಲೀಫಾ ಆ ಹುಡುಗನ ಅನುಮತಿ ಕೇಳಿದರು. ಉಸಾಮಾ ಒಪ್ಪಿದ ಮೇಲಷ್ಟೇ ಉಮರ್ ಮದೀನಾದಲ್ಲಿ ಉಳಿದದ್ದು. ಕೆಲವು ವಾರಗಳಲ್ಲಿ ಸೈನ್ಯ ಸುರಕ್ಷಿತವಾಗಿ ಮರಳಿತು.

ಮುಂದಿನದು ಝಕಾತ್‌ನ ಪ್ರಶ್ನೆ. ನಮಾಝ್ ಮಾಡುತ್ತೇವೆ, ಝಕಾತ್ ಮಾತ್ರ ಮದೀನಾಕ್ಕೆ ಕೊಡುವುದಿಲ್ಲ ಎಂದು ಕೆಲವು ಬುಡಕಟ್ಟುಗಳು ಹಟ ಹಿಡಿದವು. ಅವರ ಮೇಲೆ ಯುದ್ಧಕ್ಕೆ ಖಲೀಫಾ ಸಿದ್ಧ. ಉಮರ್ ಒಪ್ಪಲಿಲ್ಲ. ಕಲಿಮ ಹೇಳಿದವರ ಪ್ರಾಣ, ಸೊತ್ತಿಗೆ ರಕ್ಷಣೆ ಇದೆಯೆಂದು ಪ್ರವಾದಿಯವರೇ ಹೇಳಿರುವಾಗ ಅವರ ಮೇಲೆ ಖಡ್ಗ ಎತ್ತುವುದು ಹೇಗೆ ಎಂದು ಎದುರೆದುರೇ ಕೇಳಿದರು. ಸಣ್ಣ ಆಕ್ಷೇಪವಲ್ಲ ಅದು, ಪ್ರಮಾಣ ಇಟ್ಟುಕೊಂಡು ಮಾಡಿದ ವಾದ. ಅಬೂಬಕರ್ ಕದಲಲಿಲ್ಲ. ನಮಾಝ್ ಮತ್ತು ಝಕಾತ್‌ಗಳನ್ನು ಬೇರ್ಪಡಿಸಲು ಬಿಡೆನು, ಪ್ರವಾದಿಯವರಿಗೆ ಕೊಡುತ್ತಿದ್ದ ಒಂದು ಆಡಿನ ಮರಿಯನ್ನು ತಡೆದರೂ ಹೋರಾಡುತ್ತೇನೆ ಎಂದರು. ಅಲ್ಲಾಹನು ಅಬೂಬಕರ್‌ರ ಮನಸ್ಸನ್ನು ಈ ವಿಷಯದಲ್ಲಿ ತೆರೆದಿದ್ದಾನೆಂದು ತನಗೆ ಮನವರಿಕೆಯಾಯಿತು, ಸತ್ಯ ಅದೇ ಎಂದು ತಿಳಿಯಿತು ಎಂದು ಉಮರ್ ನಂತರ ಹೇಳಿದ್ದು ಹದೀಸ್ ಗ್ರಂಥಗಳಲ್ಲಿದೆ.

ಹಾಗಂತ ಪ್ರತಿ ಸಲವೂ ಉಮರ್‌ರ ಮನಸ್ಸು ಬದಲಾಯಿತು ಅಂದುಕೊಳ್ಳಬೇಡಿ. ಖಾಲಿದ್ ಬಿನ್ ವಲೀದ್ (ರ) ಅವರ ವಿಷಯದಲ್ಲಿ ಬದಲಾಗಲೇ ಇಲ್ಲ. ಕಾರ್ಯಾಚರಣೆಯೊಂದರಲ್ಲಿ ಮಾಲಿಕ್ ಬಿನ್ ನುವೈರಾ ಎಂಬವರ ಹತ್ಯೆಯಾದಾಗ ಖಾಲಿದ್‌ರನ್ನು ವಜಾಗೊಳಿಸಲೇಬೇಕೆಂದು ಉಮರ್ ಪಟ್ಟು ಹಿಡಿದರು. ಖಾಲಿದ್‌ರದು ತಪ್ಪು ಗ್ರಹಿಕೆ ಎಂದು ಬಗೆದ ಖಲೀಫಾ, ಸತ್ತವರ ಕಡೆಯವರಿಗೆ ರಕ್ತಪರಿಹಾರ ಕೊಟ್ಟರು. ದಂಡನಾಯಕರನ್ನು ಮಾತ್ರ ಉಳಿಸಿಕೊಂಡರು. ಉಮರ್ ತನ್ನ ಅಭಿಪ್ರಾಯ ಬಿಡಲಿಲ್ಲ, ಮುಚ್ಚಿಡಲೂ ಇಲ್ಲ. ಅದಕ್ಕಾಗಿ ಗುಂಪು ಕಟ್ಟಲಿಲ್ಲ. 634ರಲ್ಲಿ ತಾವೇ ಖಲೀಫಾ ಆದಾಗ ಸಿರಿಯಾದ ಮುಖ್ಯ ದಂಡನಾಯಕತ್ವವನ್ನು ಖಾಲಿದ್‌ರಿಂದ ತೆಗೆದು ಅಬೂ ಉಬೈದಾರಿಗೆ ಕೊಟ್ಟರು. ಖಾಲಿದ್ ಮರುಮಾತಿಲ್ಲದೆ ಅವರ ಕೈಕೆಳಗೆ ಹೋರಾಡಿದರು.

ಒಮ್ಮೆ ತಕ್ಕಡಿ ಇತ್ತ ವಾಲಿದ್ದೂ ಉಂಟು. ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ್ದ ಹಲವರು ಹುತಾತ್ಮರಾದಾಗ ಉಮರ್ ಗಾಬರಿಗೊಂಡು, ಇಡೀ ಕುರ್‌ಆನನ್ನು ಒಂದೆಡೆ ಬರೆದಿಡಬೇಕು ಎಂದರು. ಪ್ರವಾದಿಯವರು ಮಾಡದ್ದನ್ನು ನಾನು ಮಾಡುವುದು ಹೇಗೆ ಎಂದು ಅಬೂಬಕರ್ ಹಿಂಜರಿದರು. ಉಮರ್ ಮತ್ತೆ ಮತ್ತೆ ಹೇಳಿದರು. ಕೊನೆಗೆ ಖಲೀಫಾ ಒಪ್ಪಿ ಝೈದ್ ಬಿನ್ ಸಾಬಿತ್ (ರ) ಅವರಿಗೆ ಆ ಹೊಣೆ ವಹಿಸಿದರು. ಗಡ್ಡ ಹಿಡಿಸಿಕೊಂಡ ದಿನವೇ ಉಮರ್ ಇನ್ನು ನನ್ನ ಬಾಯಿ ಬಂದ್ ಅಂತ ಕೂತಿದ್ದರೆ?

ಇಷ್ಟೆಲ್ಲ ತಕರಾರು ಮಾಡಿದವರನ್ನೇ ಅಬೂಬಕರ್ ತನ್ನ ಉತ್ತರಾಧಿಕಾರಿಯಾಗಿ ಸೂಚಿಸಿದರು. ಉಮರ್ ಒರಟು ಎಂಬ ದೂರು ಕೆಲವರಿಂದ ಬಂತು. ನಾನು ಮೆದುವಾಗಿರುವುದಕ್ಕೇ ಅವರು ಒರಟು, ಹೊಣೆ ಹೆಗಲಿಗೆ ಬಿದ್ದರೆ ಮೆತ್ತಗಾಗುತ್ತಾರೆ ಎಂಬುದು ಅಬೂಬಕರ್‌ರ ಉತ್ತರವಾಗಿತ್ತು.

ಈಗ ಎದುರು ಮಾತು ಕೇಳಿಸಿಕೊಳ್ಳುವ ಸರದಿ ಉಮರ್‌ರದು. 639ರ ಸುಮಾರಿಗೆ ಅವರು ಸಿರಿಯಾಕ್ಕೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಸರ್ಗ್ ಎಂಬಲ್ಲಿ ತಿಳಿಯಿತು. ಮುಹಾಜಿರ್‌ಗಳನ್ನು ಕೇಳಿದರು, ಅನ್ಸಾರ್‌ಗಳನ್ನು ಕೇಳಿದರು, ಎರಡೂ ಕಡೆ ಒಮ್ಮತವಿಲ್ಲ. ಕೊನೆಗೆ ಮರಳುವುದೆಂದು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ ನೇರವಾಗಿ ಕೇಳಿಬಿಟ್ಟರು. ಈ ಮಾತು ಬೇರೆ ಯಾರಾದರೂ ಆಡಿದ್ದರೆ ಎಂದು ಉಮರ್ ನೊಂದುಕೊಂಡರು. ಅಲ್ಲಾಹನ ಒಂದು ವಿಧಿಯಿಂದ ಅವನ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂದು ವಿವರಿಸಿದರು. ರೋಗವಿರುವ ಊರಿಗೆ ಹೋಗಬೇಡಿ, ಇರುವ ಊರಲ್ಲಿ ರೋಗ ಬಂದರೆ ಓಡಬೇಡಿ ಎಂಬ ಪ್ರವಾದಿ ವಚನವನ್ನು ಅಬ್ದುರ್ರಹ್ಮಾನ್ ಬಿನ್ ಔಫ್ (ರ) ನೆನಪಿಸಿದಾಗ ಉಮರ್‌ರ ಮನಸ್ಸು ಹಗುರಾಯಿತು. ಅವರು ಮದೀನಾಕ್ಕೆ ಮರಳಿದರು. ಅಬೂ ಉಬೈದಾ ತನ್ನ ಸೈನಿಕರ ಜೊತೆ ಉಳಿದರು, ಅದೇ ಪ್ಲೇಗ್‌ಗೆ ಬಲಿಯಾದರು.

ಇನ್ನೊಂದು ಹಳೆಯ ಭಿನ್ನಮತ ಬಾಕಿಯಿತ್ತು. ಬೈತುಲ್ ಮಾಲ್‌ಗೆ ಬಂದ ಹಣವನ್ನು ಅಬೂಬಕರ್ ಎಲ್ಲರಿಗೂ ಸಮನಾಗಿ ಹಂಚುತ್ತಿದ್ದರು. ಮೊದಲೇ ಇಸ್ಲಾಮ್ ಸ್ವೀಕರಿಸಿ ಕಷ್ಟಪಟ್ಟವರಿಗೂ ನಿನ್ನೆ ಬಂದವರಿಗೂ ಒಂದೇ ಪಾಲೇ ಎಂದು ಉಮರ್ ಆಗಲೇ ಕೇಳಿದ್ದರು. ಅವರ ಶ್ರಮಕ್ಕೆ ಪ್ರತಿಫಲ ಅಲ್ಲಾಹನಲ್ಲಿದೆ, ಇದು ಹೊಟ್ಟೆಪಾಡಿನ ವಿಷಯ, ಇಲ್ಲಿ ಸಮಾನತೆಯೇ ಮೇಲು ಎಂಬುದು ಅಬೂಬಕರ್‌ರ ನಿಲುವು. ತನ್ನ ಕಾಲ ಬಂದಾಗ ಉಮರ್ ದೀವಾನ್ ಎಂಬ ದಫ್ತರ ಬರೆಸಿ, ಬದ್ರ್‌ನಲ್ಲಿ ಹೋರಾಡಿದವರಿಗೆ ಇಷ್ಟು, ನಂತರದವರಿಗೆ ಇಷ್ಟು ಎಂದು ದರ್ಜೆ ಮಾಡಿದರು. ಆ ಪಟ್ಟಿಯಲ್ಲಿ ತನ್ನ ಮಗ ಅಬ್ದುಲ್ಲಾರಿಗಿಂತ ಹೆಚ್ಚಿನ ಮೊತ್ತವನ್ನು ಉಸಾಮಾರಿಗೆ ಇಟ್ಟರು. ಹೌದು, ಅದೇ ಉಸಾಮಾ. ಮಗ ಕಾರಣ ಕೇಳಿದಾಗ, ಪ್ರವಾದಿಯವರಿಗೆ ನಿನಗಿಂತ ಅವನು, ನಿನ್ನ ತಂದೆಗಿಂತ ಅವನ ತಂದೆ ಹೆಚ್ಚು ಪ್ರಿಯರಾಗಿದ್ದರು ಎಂದರು.

ಆದರೆ ವರ್ಷಗಳು ಕಳೆದಂತೆ ಸಂಪತ್ತಿನ ಅಂತರ ಹಿಗ್ಗುವುದು ಅವರ ಕಣ್ಣಿಗೆ ಬಿದ್ದಿರಬೇಕು. ಮುಂದಿನ ವರ್ಷದವರೆಗೆ ಬದುಕಿದ್ದರೆ ಕೊನೆಯವರನ್ನೂ ಮೊದಲಿನವರ ಸಮಕ್ಕೆ ತರುತ್ತೇನೆ ಎಂದು ಅವರು ಹೇಳಿದ್ದಾಗಿ ವರದಿಗಳಿವೆ. ಅಂದರೆ, ಅಬೂಬಕರ್‌ರ ಲೆಕ್ಕಕ್ಕೇ ಮರಳುವ ಮಾತು. ಅದಕ್ಕೆ ಸಮಯ ಸಿಗಲಿಲ್ಲ. 644ರಲ್ಲಿ ಫಜ್ರ್ ನಮಾಝ್‌ನಲ್ಲಿ ನಿಂತಿದ್ದಾಗ ಇರಿತಕ್ಕೊಳಗಾದರು. ಗಾಯದಲ್ಲಿ ಮಲಗಿದ್ದಾಗ ಮಗನನ್ನು ಆಯಿಶಾ (ರ) ಅವರ ಬಳಿಗೆ ಕಳಿಸಿ, ತನ್ನ ಇಬ್ಬರು ಸಂಗಾತಿಗಳ ಪಕ್ಕದಲ್ಲಿ ದಫನ್ ಮಾಡಲು ಅನುಮತಿ ಕೇಳಿದರು. ತನಗೆಂದು ಇಟ್ಟುಕೊಂಡಿದ್ದ ಆ ಜಾಗವನ್ನು ಆಯಿಶಾ ಬಿಟ್ಟುಕೊಟ್ಟರು. ಅಬೂಬಕರ್‌ರ ಮಗ್ಗುಲಲ್ಲೇ ಉಮರ್‌ರನ್ನು ಮಲಗಿಸಿದರು.