ಹೆಸರು ಹೇಳದ 28 ಲಕ್ಷ ಮಹಿಳೆಯರು

ನಮ್ಮ ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಬಂಗಾಳದವರು, ಗಣಿತ ಓದಿದ ಐಸಿಎಸ್ ಅಧಿಕಾರಿ. 1950ರಲ್ಲಿ ಈ ಹುದ್ದೆಗೆ ಬಂದಾಗ ಎದುರಿಗಿದ್ದದ್ದು 17 ಕೋಟಿಗೂ ಹೆಚ್ಚು ಮತದಾರರು. ಬಹುಪಾಲು ಜನಕ್ಕೆ ಓದುಬರಹ ಇಲ್ಲ. ಅದಕ್ಕೇ ಪಕ್ಷಕ್ಕೊಂದು ಚಿಹ್ನೆ, ಅಭ್ಯರ್ಥಿಗೊಂದು ಪೆಟ್ಟಿಗೆ. ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿದರಾಯಿತು. ಐಟಿಯಲ್ಲಿರುವ ನನಗೆ ಇದಕ್ಕಿಂತ ಸರಳ ವಿನ್ಯಾಸ ಹೊಳೆಯುವುದಿಲ್ಲ!

ತೊಡಕಾದದ್ದು ಮತದಾರರ ಪಟ್ಟಿಯಲ್ಲಿ. ಒಡಪು ಕಟ್ಟಿ ಗಂಡನ ಹೆಸರು ಹೇಳುತ್ತಿದ್ದ ಅಜ್ಜಿಯಂದಿರು ನಮಗೆ ಗೊತ್ತು. ಉತ್ತರದ ಹಲವು ಪ್ರಾಂತಗಳಲ್ಲಿ ಹೆಂಗಸರು ಪರರೆದುರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದರು. ಸೇನ್ ಒಪ್ಪಲಿಲ್ಲ. ಸ್ವಂತ ಹೆಸರೇ ಬೇಕೆಂದರು, ಬಿಹಾರಕ್ಕೆ ಒಂದು ತಿಂಗಳು ಹೆಚ್ಚಿನ ಅವಧಿಯನ್ನೂ ಕೊಟ್ಟರು. ಆದರೂ ಸುಮಾರು 8 ಕೋಟಿ ಮಹಿಳೆಯರಲ್ಲಿ 28 ಲಕ್ಷ ಮಂದಿ ಹೆಸರು ಕೊಡದೆ ಪಟ್ಟಿಯಿಂದ ಹೊರಗುಳಿದರು.

ಓದಿದಾಗ ನನಗೆ ಸಿಟ್ಟೇ ಬಂತು. ಕಟ್ಟುಪಾಡು ಮನೆಯದು, ಮತ ಕಳೆದುಕೊಂಡವಳು ಹೆಣ್ಣು. ಆದರೆ ಅಂದು ‘ಇಂಥವರ ಹೆಂಡತಿ’ ಸಾಕೆಂದು ಬಿಟ್ಟಿದ್ದರೆ, ಅವಳು ಮತ ಹಾಕುವಾಗಲೂ ಬರೀ ಹೆಂಡತಿಯಾಗಿಯೇ ಉಳಿಯುತ್ತಿದ್ದಳು. ಸೇನ್ ಮಾಡಿದ್ದು ಕಠಿಣ, ಆದರೆ ಸರಿ ಎಂದೇ ನನ್ನ ಅಭಿಪ್ರಾಯ. ಹೆಸರು ಬಿಟ್ಟದ್ದಕ್ಕೆ ದೊಡ್ಡ ಗದ್ದಲವೂ ಆಯಿತು. ಆಗಲಿ, ಮುಂದಿನ ಸಲಕ್ಕೆ ಈ ಸಂಕೋಚ ಹೋಗುತ್ತದೆ ಎಂದು ಅವರು ಭಾವಿಸಿದರು.

ನಡುವೆ ಸುಡಾನಿನ ಚುನಾವಣೆಗೂ ಹೋಗಿಬಂದರು. 1957ರ ಚುನಾವಣೆಯನ್ನೂ ಅವರೇ ನಡೆಸಿದರು, ಜೋಪಾನ ಮಾಡಿಸಿಟ್ಟಿದ್ದ ಹಳೆಯ ಪೆಟ್ಟಿಗೆಗಳನ್ನೇ ಹೊರತೆಗೆಸಿ.