ಪಕ್ಕದಲ್ಲಿ ಕೂತೇ ಬೆಳೆದ ಪಿಟೀಲು ಚೌಡಯ್ಯ

ತಿ.ನರಸೀಪುರ: ಬೆಂಗಳೂರಿಗೆ ಹೋಗಿ ಬರೋರಿಗೆ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಗೊತ್ತೇ ಇರುತ್ತೆ. ಆ ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಇದೇ ತಿರುಮಕೂಡಲು ನರಸೀಪುರದಲ್ಲಿ. ಅವರಿಗೆ ದೊಡ್ಡ ಹೆಸರು ಬಂದಿದ್ದು ಒಬ್ಬರೇ ಕೂತು ನುಡಿಸಿದ್ದಕ್ಕಲ್ಲ, ಬೇರೆಯವರ ಪಕ್ಕದಲ್ಲಿ ಕೂತು ನುಡಿಸಿದ್ದಕ್ಕೆ.

1910ರಲ್ಲಿ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಹತ್ತಿರ ಪಾಠಕ್ಕೆ ಸೇರಿದರು. ಕೃಷ್ಣಪ್ಪನವರು ಅರಮನೆಯ ಹಾಡುಗಾರರು. ಅಂದ್ರೆ ಕಲಿಯೋ ಹುಡುಗನ ಕೈಲಿ ಪಿಟೀಲು, ಕಲಿಸೋ ಗುರುವಿನ ಬಾಯಲ್ಲಿ ಹಾಡು. ಗಂಟಲಲ್ಲಿ ಬಂದಿದ್ದನ್ನ ತಂತಿ ಮೇಲೆ ತರಬೇಕು. 1918ರವರೆಗೆ, ಎಂಟು ವರ್ಷ ಇದೇ ಪಾಠ. ಗುರುಗಳ ಕಚೇರಿಗೂ ಇವರದೇ ಪಿಟೀಲು.

ಪಕ್ಕವಾದ್ಯ ಅಂದ್ರೆ ಸುಲಭದ ಕೆಲಸ ಅಲ್ಲ. ಹಾಡುಗಾರರು ಆಲಾಪನೆಯಲ್ಲಿ ಎತ್ತ ಹೋಗ್ತಾರೆ ಅಂತ ಮೊದಲೇ ಹೇಳಲ್ಲ. ಕಿವಿಗೆ ಬಿದ್ದ ಕೂಡಲೇ ಕಮಾನು ಹಿಂದೆ ಹೋಗಬೇಕು. ಅವರು ಸ್ವರ ಹಾಕಿ ಬಿಟ್ಟರೆ ಇವರು ತಮ್ಮ ಸ್ವರದಲ್ಲಿ ಉತ್ತರ ಕೊಡಬೇಕು. ಜಾಸ್ತಿ ನುಡಿಸಿದ್ರೆ ಹಾಡು ಮುಳುಗುತ್ತೆ, ಕಮ್ಮಿ ನುಡಿಸಿದ್ರೆ ಕಚೇರಿ ಸೊರಗುತ್ತೆ.

ಚೌಡಯ್ಯನವರು ಒಂದೇ ಥರದ ಹಾಡಿಗೆ ಅಂಟಿಕೊಳ್ಳಲಿಲ್ಲ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರದ್ದು ಚುರುಕು ನಡೆ. ಮುಸಿರಿ ಸುಬ್ರಹ್ಮಣ್ಯ ಅಯ್ಯರರದ್ದು ನಿಧಾನ, ಭಾವ ಜಾಸ್ತಿ. ಚೆಂಬೈ ವೈದ್ಯನಾಥ ಭಾಗವತರದ್ದು ಗಂಟೆಯಂಥ ಕಂಠ. ಮೂವರ ಪಕ್ಕದಲ್ಲೂ ಇವರು ಕೂತರು. ಒಬ್ಬರಿಗೆ ಹೊಂದಿದ ಕೈ ಇನ್ನೊಬ್ಬರಿಗೆ ಸಾಲದು. ಹಾಗಾಗಿ ಒಂದೊಂದು ಕಚೇರಿಯೂ ಹೊಸ ಪಾಠವೇ ಆಯ್ತು. ಚೆಂಬೈ ಹಾಡು, ಚೌಡಯ್ಯ ಪಿಟೀಲು, ಪಾಲಕ್ಕಾಡ್ ಮಣಿ ಅಯ್ಯರ್ ಮೃದಂಗ ಅಂದ್ರೆ ಜನ ಕಿಕ್ಕಿರಿದು ಸೇರುತ್ತಿದ್ದ ಕಾಲ ಅದು.

ಆಗಿನ ಕಚೇರಿಗಳಲ್ಲಿ ಮೈಕ್ ಇರಲಿಲ್ಲ. ದೊಡ್ಡ ಗಂಟಲಿನ ಮುಂದೆ ಪಿಟೀಲಿನ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಕೇಳಿಸದಿದ್ದ ಮೇಲೆ ಎಷ್ಟು ಚೆನ್ನಾಗಿ ನುಡಿಸಿ ಏನು ಬಂತು? ಅದಕ್ಕೇ ಅವರು ಮಾಮೂಲಿ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಒಂದೇ ಬೆರಳಲ್ಲಿ ಜೋಡಿ ತಂತಿ ಒತ್ತಬೇಕು. ಬೆರಳು ಚೂರು ಜಾರಿದ್ರೂ ಅಪಸ್ವರ. ಇದನ್ನ ಒಪ್ಪದವರೂ ಇದ್ದರು. ಚೌಡಯ್ಯನವರು ಮಾತ್ರ ಬಿಡಲಿಲ್ಲ, ಆ ಕಷ್ಟದ ವಾದ್ಯವನ್ನೇ ಪಳಗಿಸಿದರು.

1939ರಲ್ಲಿ ಮೈಸೂರು ಆಸ್ಥಾನ ವಿದ್ವಾನ್ ಆದರು. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಂತು. ವಿ. ಸೇತುರಾಮಯ್ಯ, ಕಂದದೇವಿ ಅಳಗಿರಿಸ್ವಾಮಿಯಂಥ ಶಿಷ್ಯರನ್ನ ತಯಾರು ಮಾಡಿ, 1967ರ ಜನವರಿ 19ರಂದು ತೀರಿಕೊಂಡರು.

ಮದ್ರಾಸು, ಮೈಸೂರು ಅಂತ ಎಷ್ಟೇ ಓಡಾಡಿದರೂ ಊರನ್ನ ಮರೆಯಲಿಲ್ಲ. ತಾವು ರಚಿಸಿದ ಕೃತಿಗಳಿಗೆ ಅವರು ಇಟ್ಟುಕೊಂಡ ಅಂಕಿತ ‘ತ್ರಿಮಕುಟ’. ಅದು ತಿರುಮಕೂಡಲಿನದೇ ಹೆಸರು.