ಎರಡು ಹೆಸರುಗಳ ರಾಣಿ: ಆಂಖೆಸೆನಾಮುನ್

ಶಾಸನಗಳನ್ನು ಓದುವವರಿಗೆ ಒಂದು ಹೆಸರನ್ನು ಕೆತ್ತಿಸುವುದು ಎಷ್ಟು ಮಹತ್ವದ ಸಂಗತಿಯೋ, ಕೆತ್ತಿದ ಹೆಸರನ್ನು ತೆಗೆದುಹಾಕುವುದೂ ಅಷ್ಟೇ ಮಹತ್ವದ್ದೆಂಬುದು ತಿಳಿದ ವಿಷಯವೇ. ಕ್ರಿ.ಪೂ. 14ನೆಯ ಶತಮಾನದ ಈಜಿಪ್ಟಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಆಕೆಯ ತಾರುಣ್ಯದಲ್ಲಿಯೇ ಬದಲಾಯಿತು. ಹುಟ್ಟಿದಾಗ ಆಕೆ ಆಂಖೆಸೆನ್‌ಪಾತೆನ್, ಅಂದರೆ ಆತೆನ್ ದೇವನಿಗಾಗಿ ಬದುಕುವವಳು. ರಾಣಿಯಾದ ಮೇಲೆ ಆಂಖೆಸೆನಾಮುನ್, ಅಂದರೆ ಆಮುನ್ ದೇವನಿಗಾಗಿ ಬದುಕುವವಳು. ಈ ಎರಡು ಹೆಸರುಗಳ ನಡುವಿನ ಅಂತರದಲ್ಲಿ ಒಂದು ಧರ್ಮದ ಉದಯಾಸ್ತಗಳೂ ಒಂದು ರಾಜವಂಶದ ಅವಸಾನವೂ ಅಡಗಿವೆ.

ಈಕೆಯ ತಂದೆ ನಾಲ್ಕನೆಯ ಆಮೆನ್‌ಹೊಟೆಪ್, ತಾಯಿ ನೆಫರ್ಟೀಟಿ. ಕ್ರಿ.ಪೂ. 1350ರ ಆಸುಪಾಸಿನಲ್ಲಿ ಪಟ್ಟಕ್ಕೆ ಬಂದ ಈ ದೊರೆ ತನ್ನ ಆಳ್ವಿಕೆಯ ಐದನೆಯ ವರ್ಷದ ಹೊತ್ತಿಗೆ ಅಖೆನಾತೆನ್ ಎಂಬ ಹೆಸರನ್ನು ತಾಳಿದನು. ಥೀಬ್ಸ್ ನಗರದ ಆಮುನ್ ದೇವಾಲಯದ ಪ್ರಾಬಲ್ಯವನ್ನು ಧಿಕ್ಕರಿಸಿ, ಸೂರ್ಯಬಿಂಬದ ರೂಪದ ಆತೆನ್ ಒಬ್ಬನನ್ನೇ ಆರಾಧಿಸುವ ಮಾರ್ಗವನ್ನು ಹಿಡಿದನು. ಅದಕ್ಕಾಗಿ ನೈಲ್ ನದಿಯ ದಡದ ಬಯಲಿನಲ್ಲಿ ಅಖೆತಾತೆನ್ ಎಂಬ ಹೊಸ ರಾಜಧಾನಿಯನ್ನು ಕಟ್ಟಿಸಿದನು. ಇಂದು ನಾವು ಅಮರ್ನಾ ಎಂದು ಕರೆಯುವುದು ಈ ಸ್ಥಳವನ್ನೇ.

ಅಖೆನಾತೆನ್ ಮತ್ತು ನೆಫರ್ಟೀಟಿಯರಿಗೆ ಆರು ಮಂದಿ ಹೆಣ್ಣುಮಕ್ಕಳು, ಆಂಖೆಸೆನ್‌ಪಾತೆನ್ ಮೂರನೆಯವಳು. ಅದುವರೆಗೆ ಈಜಿಪ್ಟಿನ ರಾಜರು ತಮ್ಮ ಮಕ್ಕಳನ್ನು ಎತ್ತಿ ಮುದ್ದಾಡುವ ದೃಶ್ಯವನ್ನು ಕಲ್ಲಿನಲ್ಲಿ ಕಡೆಯಿಸುವ ರೂಢಿ ಇರಲಿಲ್ಲ. ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಒಂದು ಚಿಕ್ಕ ಶಿಲಾಫಲಕದಲ್ಲಿ ತಂದೆ ಹಿರಿಯ ಮಗಳನ್ನು ಎತ್ತಿಕೊಂಡಿದ್ದಾನೆ. ಎಳೆಯ ಆಂಖೆಸೆನ್‌ಪಾತೆನ್ ತಾಯಿಯ ಭುಜಕ್ಕೆ ಆತು, ಆಕೆಯ ಕಿರೀಟದಿಂದ ಇಳಿಬಿದ್ದ ಆಭರಣವನ್ನು ಹಿಡಿಯಲು ಕೈಚಾಚಿದ್ದಾಳೆ. ಮೇಲೆ ಸೂರ್ಯಬಿಂಬದ ಕಿರಣಗಳು ಪುಟ್ಟ ಕೈಗಳಾಗಿ ದಂಪತಿಗಳಿಗೆ ಜೀವಚಿಹ್ನೆಯನ್ನು ನೀಡುತ್ತಿವೆ. ಇದು ಕೇವಲ ವಾತ್ಸಲ್ಯದ ಚಿತ್ರವಲ್ಲ. ಇಂತಹ ಫಲಕಗಳು ಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದವು. ಹಳೆಯ ದೇವಕುಟುಂಬಗಳ ಸ್ಥಾನವನ್ನು ಈಗ ರಾಜಕುಟುಂಬವೇ ತುಂಬಿತ್ತು. ಆದ್ದರಿಂದ ಈ ಹುಡುಗಿಯ ಬಾಲ್ಯವೇ ಒಂದು ಧರ್ಮದ ಉಪಕರಣವಾಗಿತ್ತೆಂದರೆ ತಪ್ಪಾಗಲಾರದು.

ಆಳ್ವಿಕೆಯ ಹನ್ನೆರಡನೆಯ ವರ್ಷ ವಿದೇಶಗಳ ಕಪ್ಪಕಾಣಿಕೆಯನ್ನು ಸ್ವೀಕರಿಸುವ ಮಹೋತ್ಸವದಲ್ಲಿ ಆರು ಮಂದಿ ಸೋದರಿಯರೂ ತಂದೆತಾಯಿಯರ ಹಿಂದೆ ನಿಂತಿರುವುದನ್ನು ಅಮರ್ನಾದ ಒಂದು ಸಮಾಧಿಯ ಭಿತ್ತಿಯಲ್ಲಿ ಕಾಣುತ್ತೇವೆ. ಆ ಬಳಿಕ ಈ ತುಂಬಿದ ಸಂಸಾರ ಒಡೆಯತೊಡಗಿತು. ಎರಡನೆಯ ಮಗಳು ಮೆಕೆತಾತೆನ್ ತೀರಿಕೊಂಡಳು. ರಾಜಸಮಾಧಿಯ ಗೋಡೆಯಲ್ಲಿ ತಂದೆತಾಯಿಗಳು ಮಗಳ ಶವದ ಮುಂದೆ ಗೋಳಿಡುವ ದೃಶ್ಯವಿದೆ. ಹದಿನೇಳು ವರ್ಷ ಆಳಿ ಅಖೆನಾತೆನ್ ಮರಣಿಸಿದನು. ಅಲ್ಪಕಾಲದ ಗೊಂದಲದ ನಂತರ ಸುಮಾರು ಎಂಟು ಒಂಬತ್ತು ವರ್ಷದ ತುತಾಂಖಾತೆನ್ ಪಟ್ಟವೇರಿದನು. ಅವನ ಕೈಹಿಡಿದವಳು ಆಂಖೆಸೆನ್‌ಪಾತೆನ್. ಇವನು ಅಖೆನಾತೆನ್ನನದೇ ಮಗನೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಿದ್ದಲ್ಲಿ ಪತಿಪತ್ನಿಯರು ಒಂದೇ ತಂದೆಯ ಮಕ್ಕಳು.

ಬಾಲರಾಜನ ಹಿಂದೆ ನಿಂತು ರಾಜ್ಯವನ್ನು ನಡೆಸಿದವರು ಆಯ್ ಎಂಬ ಹಿರಿಯ ಅಧಿಕಾರಿ ಮತ್ತು ಸೇನಾಪತಿ ಹೊರೆಮ್‌ಹೆಬ್. ಹೊಸ ರಾಜಧಾನಿಯನ್ನು ತೊರೆಯಲಾಯಿತು. ಆಮುನ್ ಪೂಜೆ ಮರಳಿತು. ದೇವಾಲಯಗಳು ಪಾಳುಬಿದ್ದುವೆಂದೂ, ಪ್ರಾರ್ಥಿಸಿದರೂ ದೇವತೆಗಳು ಓಗೊಡುತ್ತಿರಲಿಲ್ಲವೆಂದೂ, ದೊರೆಯು ಅವನ್ನೆಲ್ಲ ಸರಿಪಡಿಸಿದನೆಂದೂ ಕಾರ್ನಾಕ್‌ನಲ್ಲಿ ದೊರೆತ ಜೀರ್ಣೋದ್ಧಾರ ಶಾಸನ ಸಾರುತ್ತದೆ. ದೊರೆ ತುತಾಂಖಾಮುನ್ ಆದನು. ರಾಣಿ ಆಂಖೆಸೆನಾಮುನ್ ಆದಳು. ಯಾವ ದೇವರ ಹೆಸರಿನಲ್ಲಿ ತಂದೆ ಮಗಳನ್ನು ಕರೆದಿದ್ದನೋ ಆ ದೇವರನ್ನು ಮಗಳು ತನ್ನ ಹೆಸರಿನಿಂದಲೇ ಕಳಚಿಹಾಕಬೇಕಾಯಿತು.

ಆದರೂ ಬದಲಾವಣೆ ಒಮ್ಮೆಗೇ ಆಗಲಿಲ್ಲ. ತುತಾಂಖಾಮುನ್ನನ ಸುವರ್ಣ ಸಿಂಹಾಸನದಲ್ಲಿ ಎರಡೂ ಬಗೆಯ ಹೆಸರುಗಳು ಉಳಿದಿವೆ. ಅದರ ಬೆನ್ನೊರಗಿನಲ್ಲಿ ರಾಣಿ ಕುಳಿತ ಪತಿಯ ಭುಜಕ್ಕೆ ಸುಗಂಧ ಲೇಪಿಸುತ್ತಿದ್ದಾಳೆ. ಮೇಲೆ ಆತೆನ್ನನ ಕಿರಣಗಳು ಇನ್ನೂ ಕೈನೀಡಿವೆ. ಪುಟ್ಟದೊಂದು ಸ್ವರ್ಣಮಂಟಪದ ಫಲಕಗಳಲ್ಲಿ ಆಕೆ ಬೇಟೆಯಾಡುವ ಪತಿಗೆ ಬಾಣವನ್ನು ಕೊಡುತ್ತಾಳೆ, ಕೊರಳಿಗೆ ಹಾರ ಕಟ್ಟುತ್ತಾಳೆ. ಅವನು ಆಕೆಯ ಅಂಗೈಗೆ ದ್ರವವನ್ನು ಸುರಿಯುತ್ತಾನೆ. ಇವಕ್ಕೆ ಧಾರ್ಮಿಕ ಅರ್ಥವಿರುವುದು ನಿಜ. ಆದರೂ ತಂದೆಯ ಕಾಲದ ಗೃಹಚಿತ್ರಣ ಮಗಳ ಕಾಲದಲ್ಲೂ ಮುಂದುವರಿದುದಕ್ಕೆ ಇವೇ ಸಾಕ್ಷಿ.

ಕ್ರಿ.ಪೂ. 1323ರ ಸುಮಾರಿಗೆ, ಹದಿನೆಂಟು ಹತ್ತೊಂಬತ್ತರ ಹರೆಯದಲ್ಲಿ, ತುತಾಂಖಾಮುನ್ ಗತಿಸಿದನು. ವಾರಸುದಾರರಿರಲಿಲ್ಲ. ಈ ಘಟ್ಟದಲ್ಲಿ ನಡೆದುದನ್ನು ತಿಳಿಸುವುದು ಈಜಿಪ್ಟಿನ ಆಕರಗಳಲ್ಲ. ಶತ್ರುದೇಶವಾದ ಹಿಟೈಟ್ ರಾಜ್ಯದ ಜೇಡಿಮಣ್ಣಿನ ಫಲಕಗಳು. ಅಲ್ಲಿಯ ದೊರೆ ಸುಪ್ಪಿಲುಲಿಯುಮ ಕಾರ್ಕೆಮಿಶ್ ನಗರಕ್ಕೆ ಮುತ್ತಿಗೆ ಹಾಕಿದ್ದಾಗ ಈಜಿಪ್ಟಿನ ವಿಧವೆ ರಾಣಿಯೊಬ್ಬಳಿಂದ ಪತ್ರ ಬಂದಿತು. ತನಗೆ ಮಗನಿಲ್ಲ, ತನ್ನ ಸೇವಕನನ್ನು ವರಿಸಲಾರೆ, ನಿನ್ನ ಪುತ್ರರಲ್ಲಿ ಒಬ್ಬನನ್ನು ಕಳುಹಿಸಿದರೆ ಅವನು ಈಜಿಪ್ಟಿನ ದೊರೆಯಾಗುವನೆಂದು ಆಕೆ ತಿಳಿಸಿದ್ದಳು. ಈಕೆ ನೆಫರ್ಟೀಟಿಯೋ ಹಿರಿಯಕ್ಕ ಮೆರಿತಾತೆನ್ನಳೋ ಆಗಿರಬಹುದೆಂಬ ವಾದಗಳಿದ್ದರೂ ಆಂಖೆಸೆನಾಮುನ್ ಎಂಬ ಅಭಿಪ್ರಾಯಕ್ಕೆ ಹೆಚ್ಚಿನ ಮನ್ನಣೆಯಿದೆ. ಸಂಶಯಗೊಂಡ ದೊರೆ ಮೊದಲು ದೂತನನ್ನು ಕಳುಹಿಸಿದನು. ತನ್ನ ಮಾತನ್ನು ನಂಬದುದಕ್ಕೆ ರಾಣಿ ನೊಂದು ಮತ್ತೆ ಬರೆದಳು. ಕೊನೆಗೆ ರಾಜಕುಮಾರ ಝನ್ನಂಝ ಹೊರಟನಾದರೂ ಜೀವಂತವಾಗಿ ಪಟ್ಟವೇರಲಿಲ್ಲ. ಹಿಟೈಟರು ಅದನ್ನು ಕೊಲೆಯೆಂದು ಬಗೆದು ದಂಡೆತ್ತಿ ಬಂದರು. ಆ ಯುದ್ಧದ ಸೆರೆಯಾಳುಗಳ ಮೂಲಕ ಹರಡಿದ ಸಾಂಕ್ರಾಮಿಕ ರೋಗ ಅವರ ನಾಡನ್ನು ದೀರ್ಘಕಾಲ ಕಾಡಿತೆಂದು ಮುಂದೆ ದೊರೆಯಾದ ಮುರ್ಸಿಲಿಯ ಪ್ರಾರ್ಥನೆಗಳು ಹೇಳುತ್ತವೆ.

ಪಟ್ಟಕ್ಕೆ ಬಂದವನು ಆಯ್. ಅವನ ಹೆಸರೂ ಆಂಖೆಸೆನಾಮುನ್ನಳ ಹೆಸರೂ ಜೊತೆಯಾಗಿರುವ ಒಂದು ಉಂಗುರ ದೊರೆತುದರಿಂದ, ಆಕೆ ಸೇವಕನನ್ನೇ ವರಿಸಬೇಕಾಯಿತೆಂದು ಕೆಲವರು ಊಹಿಸಿದ್ದಾರೆ. ಆದರೆ ಆಯ್‌ನ ಸಮಾಧಿಯಲ್ಲಿ ಪತ್ನಿಯಾಗಿ ಕಾಣುವವಳು ತೇಯಿ ಮಾತ್ರ. ಆಮೇಲೆ ಆಂಖೆಸೆನಾಮುನ್ ಚರಿತ್ರೆಯಿಂದ ಮರೆಯಾಗುತ್ತಾಳೆ. ಹೊರೆಮ್‌ಹೆಬ್ ದೊರೆಯಾದಾಗ ಜೀರ್ಣೋದ್ಧಾರ ಶಾಸನದಲ್ಲಿಯೂ ತುತಾಂಖಾಮುನ್ನನ ಹೆಸರಿದ್ದಲ್ಲಿ ತನ್ನ ಹೆಸರನ್ನು ಕೆತ್ತಿಸಿದನು. ಅಬಿಡೋಸ್‌ನ ರಾಜಾವಳಿಯಲ್ಲಿ ಈ ಕುಟುಂಬಕ್ಕೆ ಸ್ಥಾನವೇ ಇಲ್ಲ.

1922ರಲ್ಲಿ ಹೊವರ್ಡ್ ಕಾರ್ಟರ್ ತುತಾಂಖಾಮುನ್ನನ ಸಮಾಧಿಯನ್ನು ಕಂಡುಹಿಡಿದಾಗ ಮರದ ಪೆಟ್ಟಿಗೆಯೊಂದರಲ್ಲಿ ಎರಡು ಪುಟ್ಟ ಶವಸಂಪುಟಗಳು ದೊರೆತವು. ಒಳಗಿದ್ದವು ಅವಧಿಗೆ ಮುನ್ನ ಹುಟ್ಟಿದ ಎರಡು ಹೆಣ್ಣುಶಿಶುಗಳು. ಇವು ತುತಾಂಖಾಮುನ್ನನ ಮಕ್ಕಳೆಂಬುದನ್ನು 2010ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಸಮರ್ಥಿಸಿದೆ. ಆಂಖೆಸೆನಾಮುನ್ನಳಲ್ಲದೆ ಅವನಿಗೆ ಬೇರೆ ಪತ್ನಿ ಇದ್ದ ದಾಖಲೆಯಿಲ್ಲ. ಆ ಸಂಪುಟಗಳ ಮೇಲೆ ಮೃತರಿಗೆ ಸಲ್ಲುವ ಒಸಿರಿಸ್ ಎಂಬ ಸಂಬೋಧನೆಯಷ್ಟೇ ಇದೆ, ಹೆಸರುಗಳಿಲ್ಲ. ಈ ಮಕ್ಕಳಲ್ಲೊಂದು ಬದುಕಿದ್ದರೆ ಆ ಪತ್ರದ ಅಗತ್ಯ ಬೀಳುತ್ತಿರಲಿಲ್ಲವೇನೋ. ಧರ್ಮವೂ ರಾಜ್ಯವೂ ತಾಯಿಗೆ ಎರಡು ಸಲ ಹೆಸರಿಟ್ಟವು. ಆಕೆಯ ಮಕ್ಕಳು ಹೆಸರಿಲ್ಲದೆಯೇ ಮಣ್ಣಾದವು.